ಕೀಲುನೋವಿಗೆ ಯಾರೂ ಸಾಯುವುದಿಲ್ಲ ಅನ್ನುತ್ತಿದ್ದ ಕಾಲ

ಹೊಸದಾಗಿ ವೈದ್ಯರಾದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಸಮಾರಂಭಗಳಿಗೆ ಕರೆಯುತ್ತಾರೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ನಿಮ್ಮ ಕಾಲದ ಸೇವಾ ಮನೋಭಾವದ ಬಗ್ಗೆ ಎರಡು ಮಾತು ಹೇಳಿ ಮೇಡಂ" ಅನ್ನುತ್ತಾರೆ. ನಾನೂ ಮೈಕಿನ ಮುಂದೆ ನಿಂತು ಏನೋ ಹೇಳಿ ಬರುತ್ತೇನೆ. ಸಹಕಾರನಗರದ ಮನೆಗೆ ಬಂದು ಶಾಲು ಮಡಿಸಿಡುವಾಗ ಸಿಟ್ಟು ಬರುತ್ತದೆ. ಎಂಥ ಸೇವಾ ಮನೋಭಾವ? ಎದೆನೋವಿನಿಂದ ಸಾಯುತ್ತಿದ್ದ ಹೆಂಗಸರಿಗೆ ನಾವು ತೋಳಿಗೆ ಹಚ್ಚುವ ಮುಲಾಮು ಬರೆದುಕೊಟ್ಟು ಕಳಿಸುತ್ತಿದ್ದೆವು. ಅದನ್ನು ಮೈಕಿನಲ್ಲಿ ಹೇಳಲು ಆಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಎಪ್ಪತ್ತರ ದಶಕದ ಆರಂಭದಲ್ಲಿ ಯಶವಂತಪುರದ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಗೆ ವೈದ್ಯೆಯಾಗಿ ಸೇರಿದೆ. ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅನ್ನುವುದು ಯಾರಿಗೂ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ. ನಮ್ಮ ಆಸ್ಪತ್ರೆಗೆ ಸುತ್ತಲಿನ ಕಾರ್ಖಾನೆಗಳ ನೌಕರರು ಬರುತ್ತಿದ್ದರು, ಮತ್ತಿಕೆರೆ, ಆರ್.ಟಿ. ನಗರದ ಗುಮಾಸ್ತರ ಮನೆಯವರು ಬರುತ್ತಿದ್ದರು, ಯಲಹಂಕದ ಆಚೆಯ ಹಳ್ಳಿಗಳಿಂದ ಬಸ್ಸು ಬದಲಾಯಿಸಿಕೊಂಡು ರೈತರು ಬರುತ್ತಿದ್ದರು. ಅವರಲ್ಲಿ ಸಂಧಿವಾತದ ಹೆಂಗಸರು ಬಹಳ. ವಯಸ್ಸಾದ ಮೇಲೆ ಮಂಡಿ ಸವೆಯುವ ನೋವಲ್ಲ ಇದು. ಇನ್ನೂ ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿಗೇ ಬೆರಳ ಗೆಣ್ಣುಗಳು ಊದಿ, ಬೆಳಿಗ್ಗೆ ಎದ್ದಾಗ ಕೈ ಮುಷ್ಟಿ ಕಟ್ಟಲಾಗದೆ, ಕಾಲಕ್ರಮದಲ್ಲಿ ಬೆರಳೆಲ್ಲ ಒಂದೇ ಕಡೆಗೆ ವಾಲಿಹೋಗುವ ರುಮಟಾಯ್ಡ್ ಎಂಬ ಕಾಯಿಲೆ. ದೇಹ ತನ್ನ ಕೀಲುಗಳ ಮೇಲೆ ತಾನೇ ಉರಿದು ಬೀಳುವ ರೋಗ.

ಈ ರೋಗದ ಬಗ್ಗೆ ನಮ್ಮ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇದರಿಂದ ನರಳುತ್ತಾರೆ, ಸಾಯುವುದಿಲ್ಲ. ಆದ್ದರಿಂದ ಈ ಹೆಂಗಸರು ಸಾಲಿನಲ್ಲಿ ಯಾವಾಗಲೂ ಕೊನೆಗೆ. ಆಸ್ಪಿರಿನ್, ಹಚ್ಚಲು ಮುಲಾಮು ಬರೆದುಕೊಟ್ಟು, ಬಿಸಿನೀರಿನಲ್ಲಿ ಕೈ ಅದ್ದಿ ಎಂದು ಹೇಳಿ ಕಳಿಸಿದರೆ ಮುಗಿಯಿತು.

ಲಲಿತಮ್ಮ ಮತ್ತಿಕೆರೆಯವರು. ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಬೆರಳು ವಾಲಿದ್ದರೂ ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ರವಿಕೆ ಕತ್ತರಿಸುತ್ತಿದ್ದರು. ನನ್ನ ರವಿಕೆಗಳನ್ನೂ ಅವರೇ ಹೊಲಿದುಕೊಟ್ಟಿದ್ದಾರೆ, ತೋಳಿನ ಅಳತೆ ಒಂದು ಸಲವೂ ತಪ್ಪಿದ್ದಿಲ್ಲ. ಮಾತು ಕಡಿಮೆ. ಹಾಗಾಗಿ ಒಂದು ದಿನ ಅವರಾಗಿಯೇ ಬಾಯಿಬಿಟ್ಟಾಗ ನಾನು ಪೆನ್ನು ಕೆಳಗಿಟ್ಟೆ.

"ಈ ನಡುವೆ ಎಡಗೈ ಒಂಥರಾ ಆಗತ್ತೆ ಡಾಕ್ಟ್ರೇ. ತೋಳಿಂದ ದವಡೆ ತನಕ ಹಿಂಡಿದ ಹಾಗೆ. ಸ್ಟೇಷನ್ ಬ್ರಿಡ್ಜ್ ಹತ್ತುವಾಗ ಬರತ್ತೆ. ಮೇಲೆ ಹೋಗಿ ಸ್ವಲ್ಪ ನಿಂತ್ಕೊಂಡ್ರೆ ಹೋಗ್ಬಿಡತ್ತೆ."

"ಕೀಲು ನೋವಿನ ಥರಾನೇ ಇರತ್ತಾ?"

"ಅದು ನಂಗೊತ್ತಿಲ್ವಾ? ಅದು ಬೇರೆ, ಇದು ಬೇರೆ."

ಅವರನ್ನು ನಮ್ಮ ಮುಖ್ಯ ವೈದ್ಯರಾದ ಶೇಷಗಿರಿಯವರ ಕೋಣೆಗೆ ಕರೆದುಕೊಂಡು ಹೋದೆ. ಶೇಷಗಿರಿಯವರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅವರು ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಯಾವ ಕವಾಟ ಎಷ್ಟು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಕಾರ್ಖಾನೆಯ ನೌಕರನೊಬ್ಬ ಬೆವರುತ್ತಾ ಬಾಗಿಲಲ್ಲಿ ನಿಂತರೆ ಊಟ ಬಿಟ್ಟು ಎದ್ದು ಓಡುತ್ತಿದ್ದರು. ಅಂಥವರು ಲಲಿತಮ್ಮನ ಕೈಬೆರಳು ನೋಡಿದರು, ಮುಖ ನೋಡಲಿಲ್ಲ.

"ಕೀಲುವಾತದವಳಿಗೆ ತೋಳು ನೋಯದೆ ಇನ್ನೇನು ನೋಯತ್ತೆ ಸುಮಿತ್ರಾ?"

"ಹತ್ತುವಾಗ ಮಾತ್ರ ಬರತ್ತೆ ಸಾರ್. ನಿಂತ್ರೆ ಹೋಗತ್ತೆ. ಒಂದು ಇ.ಸಿ.ಜಿ. ಮಾಡಿಸ್ತೀನಿ."

"ಹತ್ತುವಾಗ ಕಂಬಿ ಹಿಡ್ಕೋತಾಳೆ, ತೋಳಿಗೆ ಭಾರ ಬೀಳತ್ತೆ. ಇ.ಸಿ.ಜಿ. ಎಲ್ಲ ಬೇಡ. ನಿಮಗೆ ಅಷ್ಟು ಅನುಮಾನ ಇದ್ರೆ ಕೊಲೆಸ್ಟ್ರಾಲ್ ನೋಡಿ, ಸಾಕು."

ಇ.ಸಿ.ಜಿ. ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮಲ್ಲಿ ಇದ್ದದ್ದು ಒಂದೇ ಯಂತ್ರ. ಅದನ್ನು ನಡೆಸುತ್ತಿದ್ದವನು ಗಂಡಸು. ಯಂತ್ರ ಇಟ್ಟಿದ್ದ ಜಾಗಕ್ಕೆ ಪರದೆಯೂ ಇರಲಿಲ್ಲ. ಹೆಂಗಸರಾದರೆ ರವಿಕೆ ಬಿಚ್ಚಬೇಕು, ಮನೆಯವರು ಏನನ್ನುತ್ತಾರೋ, ಯಾಕೆ ರಗಳೆ. ಒಂದು ಪರದೆಯ ಬಟ್ಟೆ ಇಲ್ಲದ್ದಕ್ಕೆ ಆ ಆಸ್ಪತ್ರೆಯಲ್ಲಿ ಎಷ್ಟು ಹೆಂಗಸರ ಹೃದಯವನ್ನು ಯಾರೂ ನೋಡದೆ ಹೋದರೋ!

ಮಾರನೆಯ ದಿನ ರಕ್ತದ ಫಲಿತಾಂಶ ಬಂತು. ಶೇಷಗಿರಿಯವರು ಚೀಟಿ ಎತ್ತಿ ಹಿಡಿದು ನಕ್ಕರು.

"ನೂರ ಮೂವತ್ತೆರಡು! ನನ್ನ ಕೊಲೆಸ್ಟ್ರಾಲ್ ಇದರ ಎರಡರಷ್ಟಿದೆ ಕಣ್ರೀ. ನಾನೇ ಬದುಕಿದ್ದೀನಿ, ಇವಳಿಗೇನು ಧಾಡಿ? ಆಸ್ಪಿರಿನ್ ಜಾಸ್ತಿ ಮಾಡಿ ಕಳಿಸಿ."

ಲಲಿತಮ್ಮ ಬಾಗಿಲ ಹತ್ತಿರವೇ ಕುಳಿತಿದ್ದರು. ಎಲ್ಲವೂ ಕೇಳಿಸಿತ್ತು. "ಪರವಾಗಿಲ್ಲ ಬಿಡಿ ಡಾಕ್ಟ್ರೇ, ದೊಡ್ಡ ಡಾಕ್ಟ್ರೇ ಹೇಳಿದ್ರಲ್ಲ" ಎಂದು ಕೈಚೀಲ ಎತ್ತಿಕೊಂಡರು. ಮೆಟ್ಟಿಲು ಹತ್ತಬೇಡಿ, ಮುಂದಿನ ವಾರ ತಪ್ಪದೆ ಬನ್ನಿ, ನಾನೇ ಹೇಗಾದರೂ ಮಾಡಿ ಯಂತ್ರದ ಮೇಲೆ ಮಲಗಿಸುತ್ತೇನೆ ಎಂದೆ. ಮುಂದಿನ ವಾರ ಅವರು ಬರಲಿಲ್ಲ. ಅವರ ಗಂಡ ನಂಜುಂಡಯ್ಯ ಬಂದರು.

ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ಸಣಕಲು ಮನುಷ್ಯ. ತಲೆ ಬೋಳಿಸಿದ್ದರು. ನನ್ನ ಮೇಜಿನ ಮುಂದೆ ಕೂರಲೂ ಇಲ್ಲ.

"ಒಂದು ವಿಷಯ ಕೇಳ್ಬೇಕಿತ್ತು ಡಾಕ್ಟ್ರೇ. ಜಗಳಕ್ಕೆ ಬಂದಿಲ್ಲ. ಅವಳು ಹೋದ ದಿನ ಬೆಳಿಗ್ಗೆ ತೋಳು ನೋವು ಅಂದ್ಲು. ನೀವೆಲ್ಲ ಕೀಲುನೋವು ಅಂದಿದ್ರಲ್ಲ, ಅದಕ್ಕೆ ಎಣ್ಣೆ ಬಿಸಿ ಮಾಡಿ ತಿಕ್ತಾ ಕೂತೆ. ಬೆವರು ಬಂತು. ಎಣ್ಣೆಯ ಶಾಖಕ್ಕೆ ಬಂತು ಅಂದ್ಕೊಂಡೆ. ತಿಕ್ತಾನೇ ಇದ್ದೆ, ಕೈ ತಣ್ಣಗಾಗಿ ಹೋಯ್ತು. ನಾನು ತಿಕ್ಕಿದ್ದರಿಂದ ಏನಾದ್ರೂ ಆಯ್ತಾ?"

ಇಲ್ಲ ಎಂದು ಹೇಳಿದೆ. ಅವರು ನಂಬಿದರೋ ಇಲ್ಲವೋ, ಕೈಮುಗಿದು ಹೋದರು. ಒಬ್ಬ ಗಂಡ ಜೀವನವಿಡೀ ತನ್ನ ಎರಡು ಕೈಗಳನ್ನು ಅನುಮಾನದಿಂದ ನೋಡಿಕೊಳ್ಳುವಂತೆ ಮಾಡಿದ್ದು ಯಾರು? ಆ ಪ್ರಶ್ನೆಯನ್ನು ನಾನು ತಿಂಗಳ ಸಭೆಯಲ್ಲಿ ಎಲ್ಲ ವೈದ್ಯರ ಮುಂದೆ ಇಟ್ಟೆ.

ಸಭೆಗೆ ಬರಿಗೈಯಲ್ಲಿ ಹೋಗಿರಲಿಲ್ಲ. ಬಿಡುವಿದ್ದಾಗಲೆಲ್ಲ ಮೆಡಿಕಲ್ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದ್ದೆ. ಸಂಧಿವಾತದವರು ಉಳಿದವರಿಗಿಂತ ಬೇಗ ಸಾಯುತ್ತಾರೆ, ಬಹಳಷ್ಟು ಜನ ಹೃದಯದ ತೊಂದರೆಯಿಂದಲೇ ಸಾಯುತ್ತಾರೆ ಎಂದು ಹೊರದೇಶದ ವೈದ್ಯರು ಆಗಲೇ ಬರೆಯತೊಡಗಿದ್ದರು. ರೋಗ ಜೋರಾಗಿದ್ದಾಗ ಈ ಜನರ ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆಯೇ ಕಾಣುತ್ತದೆ ಎಂದೂ ಬರೆದಿದ್ದರು. ಅಂದರೆ ಆ ಕಡಿಮೆ ಅಂಕಿ ಆರೋಗ್ಯದ ಗುರುತಲ್ಲ, ಒಳಗಿನ ಉರಿಯ ಗುರುತು. ಅದೇ ಉರಿ ರಕ್ತನಾಳಗಳ ಒಳಗೋಡೆಯನ್ನೂ ಸುಡುತ್ತಿರುತ್ತದೆ. ನಾಳವನ್ನು ಕಾಯುವ ಒಳ್ಳೆಯ ಕೊಲೆಸ್ಟ್ರಾಲ್ ಕೂಡ ಕುಸಿದಿರುತ್ತದೆ. ಆಗ ನಾವು ಅಳೆಯುತ್ತಿದ್ದುದು ಒಟ್ಟು ಮೊತ್ತ ಮಾತ್ರ, ಅದರಲ್ಲಿ ಒಳ್ಳೆಯದೆಷ್ಟು ಕೆಟ್ಟದ್ದೆಷ್ಟು ಎಂದು ಬಿಡಿಸಿ ನೋಡುತ್ತಿರಲಿಲ್ಲ. ಇದೆಲ್ಲ ಈಗ ನಿಮಗೆ ಪಾಠವಾಗಿ ಸಿಗುತ್ತದೆ. ಆಗ ಪೂರ್ತಿ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ಒಬ್ಬ ಹೆಂಗಸು ತನ್ನ ಬಾಯಿಂದಲೇ "ಅದು ಬೇರೆ, ಇದು ಬೇರೆ" ಅಂದಿದ್ದಳಲ್ಲ? ಅದನ್ನು ಕೇಳಿಸಿಕೊಳ್ಳಲು ಯಾವ ಪತ್ರಿಕೆ ಬೇಕಿತ್ತು?

ಶೇಷಗಿರಿಯವರು ಕೊನೆಯವರೆಗೆ ಕೇಳಿ, "ಕಾಕತಾಳೀಯ" ಎಂದರು. ಹಿಂದಿನ ಸಾಲಿನಿಂದ ಯಾರೋ, "ಸುಮಿತ್ರಾ ಮೇಡಂ ಮೊಣಕಾಲಲ್ಲಿ ಹಾರ್ಟ್ ಹುಡುಕ್ತಿದಾರೆ ಸಾರ್" ಎಂದರು. ಎಲ್ಲರೂ ನಕ್ಕರು. ಅವತ್ತಿನಿಂದ ನನಗೆ 'ಮೊಣಕಾಲಿನ ಹಾರ್ಟ್ ಸ್ಪೆಷಲಿಸ್ಟ್' ಎಂಬ ಹೆಸರು ಬಿತ್ತು. ಕ್ಯಾಂಟೀನಿನವರೆಗೂ ಹೋಯಿತು.

ಇಟ್ಟರೆ ಇಡಲಿ ಎಂದುಕೊಂಡೆ. ನನ್ನ ಮನೆಯ ಕಿಟಕಿಯ ಪರದೆ ತಂದು ಯಂತ್ರದ ಜಾಗಕ್ಕೆ ಕಟ್ಟಿದೆ. ಯಂತ್ರ ನಡೆಸುವುದನ್ನು ಕಲಿತೆ. ಆಗಿನ ಯಂತ್ರದಲ್ಲಿ ಮಣಿಕಟ್ಟಿಗೂ ಕಣಕಾಲಿಗೂ ಲೋಹದ ಪಟ್ಟಿ ಇಟ್ಟು ಬೆಲ್ಟಿನಿಂದ ಬಿಗಿಯಬೇಕಿತ್ತು. ಊದಿದ ಮಣಿಕಟ್ಟಿನ ಹೆಂಗಸರು ಅದಕ್ಕೇ ಕಿರುಚುತ್ತಿದ್ದರು. ಬೆಲ್ಟಿನ ಅಡಿಗೆ ಹತ್ತಿ ಇಟ್ಟು ಸಡಿಲವಾಗಿ ಕಟ್ಟಿದರೆ ಸಾಕು, ನೋಯುವುದಿಲ್ಲ. ಇದಕ್ಕೇನು ಮಹಾ ವಿದ್ಯೆ ಬೇಡ. ಹಾಗೆಯೇ, "ಎದೆನೋವು ಇದೆಯಾ" ಎಂದು ಕೇಳುವುದನ್ನು ಬಿಟ್ಟೆ. ಇಲ್ಲ ಎಂದೇ ಹೇಳುತ್ತಾರೆ. "ನೀರು ಸೇದುವಾಗ ಏನಾಗತ್ತೆ? ಏರು ಹತ್ತುವಾಗ ಎಲ್ಲಿ ನಿಲ್ತೀರಿ?" ಎಂದು ಕೇಳತೊಡಗಿದೆ. ಆಗ ಬಾಯಿ ಬಿಡುತ್ತಿದ್ದರು.

ಆಸ್ಪತ್ರೆಯವರು ಹೃದ್ರೋಗಿಗಳಿಗೆ ಕೊಡಲು ಒಂದು ಪಥ್ಯದ ಹಾಳೆ ಅಚ್ಚು ಹಾಕಿಸಿದ್ದರು. ಇಂಗ್ಲಿಷಿನಲ್ಲಿ. ಚೀಸ್ ಬೇಡ, ಹಂದಿಮಾಂಸ ಬೇಡ, ಕೇಕ್ ಬೇಡ. ಮುದ್ದೆ, ಸೊಪ್ಪಿನ ಸಾರು ಬಿಟ್ಟು ಬೇರೆ ಕಾಣದ ಹೆಂಗಸರ ಕೈಗೆ ಅದನ್ನು ಕೊಡುತ್ತಿದ್ದರು. ಒಬ್ಬಾಕೆ ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡು ಬಂದಿದ್ದಳು. ಆ ಹಾಳೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಂಬತ್ತರ ದಶಕ ಶುರುವಾದ ಮೇಲೆ ಪುಟ್ಟೇನಹಳ್ಳಿಯ ಹನುಮಕ್ಕ ಬಂದಳು. ಕೆರೆಯ ಪಕ್ಕದಲ್ಲಿ ಅವರಿಗೆ ಸ್ವಲ್ಪ ಜಮೀನಿತ್ತು, ಹಸು ಕಟ್ಟಿದ್ದರು. ಗಂಡ ಮುನಿಯಪ್ಪ ಸೈಕಲ್ಲಿನಲ್ಲಿ ಹಾಲು ಹಾಕಿಬರುತ್ತಿದ್ದ. ಹನುಮಕ್ಕನ ಬೆರಳುಗಳು ಸಂಧಿವಾತದವು, ಆದರೆ ಮುಖ ಮಾತ್ರ ದುಂಡಗೆ, ಕೆನ್ನೆ ಕೆಂಪಗೆ, ಕತ್ತಿನ ಹಿಂದೆ ಕೊಬ್ಬಿನ ಗುಡ್ಡೆ. ಕೈಕಾಲು ಕಡ್ಡಿ, ಹೊಟ್ಟೆ ದಪ್ಪ. ಮುನಿಯಪ್ಪ ಹೆಮ್ಮೆಯಿಂದ ಹೇಳಿದ:

"ನೋಡಿ ಡಾಕ್ಟ್ರಮ್ಮ, ಪುಡಿ ತಿಂದ್ಮ್ಯಾಕೆ ಎಂಗೆ ಮೈ ತುಂಬ್ಕೊಂಡವ್ಳೆ. ಮದ್ಲು ಎದ್ದು ನಿಲ್ಲಾಕೆ ಆಯ್ತಿರ್ಲಿಲ್ಲ. ಈಗ ಉಲ್ಲು ಒರ್ತಾಳೆ."

"ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ?"

"ಉಲ್ಲಿನ ಒರೆ ಒತ್ಕೊಂಡು ಬರೋವಾಗ ಉಸ್ರು ಕಟ್ತದೆ ಅಂತಾಳೆ. ಮೊಣಕೈ ಇಡ್ಕೊಂಡು ಕುಂತ್ಕೋತಾಳೆ."

ರಕ್ತದೊತ್ತಡ ವಿಪರೀತವಿತ್ತು. ಸಕ್ಕರೆ ಏರಿತ್ತು. ಲಲಿತಮ್ಮನಿಗೆ ನೆಲಕಚ್ಚಿದ್ದ ಕೊಲೆಸ್ಟ್ರಾಲ್ ಈಕೆಗೆ ಆಕಾಶದಲ್ಲಿತ್ತು. ಯಾವ ಪುಡಿ ಎಂದು ನನಗೆ ಮುಖ ನೋಡಿದಾಗಲೇ ಗೊತ್ತಾಗಿತ್ತು. ಯಲಹಂಕದಲ್ಲಿ ಬೋರ್ಡು ಹಾಕಿಕೊಂಡಿದ್ದ ಒಬ್ಬ 'ಪಂಡಿತ' ಸ್ಟೀರಾಯ್ಡ್ ಮಾತ್ರೆಗಳನ್ನು ಅರೆದು, ಬೇರಿನ ಪುಡಿಗೆ ಬೆರೆಸಿ ಪೊಟ್ಟಣ ಕಟ್ಟಿಕೊಡುತ್ತಿದ್ದ. ಸ್ಟೀರಾಯ್ಡ್ ನಾವೂ ಕೊಡುತ್ತೇವೆ. ಅಳೆದು, ಕಾದು, ಇಳಿಸುತ್ತಾ ಕೊಡುತ್ತೇವೆ. ಅವನು ಚಮಚದಲ್ಲಿ ಕೊಡುತ್ತಿದ್ದ.

ಇದರಲ್ಲಿ ಇನ್ನೊಂದು ಸಂಕಟವಿತ್ತು. ಪುಡಿ ನಿಲ್ಲಿಸು ಎಂದು ಹೇಳುವ ಹಾಗಿಲ್ಲ. ಬಹಳ ಕಾಲ ಸ್ಟೀರಾಯ್ಡ್ ತಿಂದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಕುಸಿದು ಬೀಳುತ್ತಾರೆ. ಹಾಗಾಗಿ ಪುಡಿಯ ಬದಲು ಲೆಕ್ಕದ ಸ್ಟೀರಾಯ್ಡ್ ಮಾತ್ರೆಯನ್ನೇ ಬರೆದುಕೊಟ್ಟು, ತಿಂಗಳಿಂದ ತಿಂಗಳಿಗೆ ಇಳಿಸುತ್ತಾ ಹೋಗಬೇಕಿತ್ತು. "ಅದು ವಿಸ ಅಂತೀರಿ, ಮತ್ತೆ ಅದ್ನೇ ಬರ್ಕೊಡ್ತೀರಿ?" ಎಂದು ಹನುಮಕ್ಕ ನನ್ನ ಮುಖವನ್ನೇ ನೋಡಿದಳು. ಸರಿಯಾದ ಪ್ರಶ್ನೆ. ಉತ್ತರ ಹೇಳುತ್ತಾ ಹೇಳುತ್ತಾ ನನಗೆ ಆ ಪಂಡಿತನ ಮೇಲೆ ಮೈ ಉರಿಯತೊಡಗಿತು. ಭಾನುವಾರ ಯಲಹಂಕಕ್ಕೆ ಹೋದೆ.

ಅವನು ನನ್ನನ್ನು ರೋಗಿ ಅಂದುಕೊಂಡ. "ಬನ್ನಿ ತಾಯಿ, ಕೂತ್ಕೊಳ್ಳಿ. ಮಂಡಿಯಾ, ಸೊಂಟವಾ?"

"ನಾನು ಡಾಕ್ಟರು. ಈ ಪುಡಿಯಲ್ಲಿ ಏನು ಹಾಕ್ತೀರಿ?"

"ಬೇರು, ತೊಗಟೆ, ಗುರುಗಳ ಆಶೀರ್ವಾದ."

ಅವನ ಹಿಂದೆ ಒರಳಿನ ಪಕ್ಕದಲ್ಲೇ, ನಮ್ಮ ಔಷಧಾಲಯದಲ್ಲಿ ಇರುವಂಥದೇ ದೊಡ್ಡ ಮಾತ್ರೆ ಡಬ್ಬವಿತ್ತು. ಅದರತ್ತ ಕೈ ತೋರಿಸಿದೆ. "ಆ ಗುರುಗಳ ಹೆಸರು ಡಬ್ಬದ ಮೇಲೇ ಬರೆದಿದೆಯಲ್ಲ?"

ಅವನು ಹೆದರಲಿಲ್ಲ. "ನೀವು ಕೊಟ್ರೆ ಔಷಧಿ, ನಾನು ಕೊಟ್ರೆ ವಿಷವಾ? ನಿಮ್ಮಾಸ್ಪತ್ರೇಲಿ ಇವರನ್ನ ಯಾರು ಮುಟ್ಟಿ ನೋಡ್ತಾರೆ ಹೇಳಿ. ಅಳ್ತಾ ಬರ್ತಾರೆ, ನನ್ನ ಹತ್ರ ನಗ್ತಾ ಹೋಗ್ತಾರೆ. ನೀವು ಹೊರಡಿ ತಾಯಿ, ಜನ ಕಾಯ್ತಿದಾರೆ."

ಅವನ ಮಾತಿನಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಅದು ಇನ್ನೂ ಉರಿಸಿತು. ನಾವು ಮುಟ್ಟಿ ನೋಡದೆ ಕಳಿಸಿದ ಹೆಂಗಸರೇ ಅವನ ಬೆಂಚಿನ ಮೇಲೆ ಕೂತಿದ್ದರು. ಆದರೆ ಅವರ ನಗುವಿಗೆ ಅವರ ಹೃದಯ ಬೆಲೆ ತೆರುತ್ತಿದೆ ಅನ್ನುವುದು ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ಅರೆಯುತ್ತಿದ್ದ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟೆ. ಯಾರೋ ಬಂದರು, ಪೊಟ್ಟಣ ತೆಗೆದುಕೊಂಡು ಹೋದರು, ಬೋರ್ಡು ಇಳಿಯಿತು. ಅಷ್ಟೇ ಆದದ್ದು.

ಈ ನಡುವೆ ಹನುಮಕ್ಕ ಒಂದು ಬೆಳಿಗ್ಗೆ ಮಾತ್ರೆ ಇಳಿಸಿಕೊಳ್ಳಲು ಬಂದವಳು ಸಾಲಿನಲ್ಲಿ ನಿಂತಿರುವಾಗಲೇ ಮೊಣಕೈ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಪಕ್ಕದವರು, "ಪಾಪ, ಕೀಲುನೋವು" ಎಂದು ಜಾಗ ಬಿಟ್ಟುಕೊಟ್ಟರು. ಸೀರೆ ಬೆವರಿನಿಂದ ತೊಯ್ದಿತ್ತು. ಪರದೆ ಎಳೆದು ಯಂತ್ರ ಹಚ್ಚಿದೆ. ಕಾಗದದ ಪಟ್ಟಿಯ ಮೇಲೆ ಹೃದಯಾಘಾತ ಎದ್ದು ಕಾಣುತ್ತಿತ್ತು.

ಹೃದ್ರೋಗದ ಕೋಣೆಯಲ್ಲಿ ಒಂದು ಹಾಸಿಗೆ ಖಾಲಿಯಿತ್ತು. ಅದನ್ನು ಯಾವುದೋ ಕಾರ್ಖಾನೆಯ ಅಧಿಕಾರಿಯ ತಪಾಸಣೆಗೆಂದು ಕಾದಿರಿಸಿದ್ದರು. ಅವರಿಗೆ ನೋವಿಲ್ಲ, ನರಳಿಕೆಯಿಲ್ಲ, ಸುಮ್ಮನೆ ತಪಾಸಣೆ. ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತಳು.

"ಕೀಲಿನ ಪೇಷಂಟು ಮೂಳೆ ವಾರ್ಡಿಗೆ ಮೇಡಂ. ಈ ಬೆಡ್ಡು ಸಾರ್ ಹೇಳಿ ಇಡ್ಸಿದಾರೆ."

"ಸಾರ್‌ಗೆ ನಾನು ಹೇಳ್ಕೋತೀನಿ. ನೀನು ಆಕ್ಸಿಜನ್ ಹಚ್ಚು."

ಗಾಲಿಕುರ್ಚಿಯನ್ನು ನಾನೇ ಒಳಗೆ ತಳ್ಳಿದೆ. ಶೇಷಗಿರಿಯವರು ಬಂದರು. ಬಾಯಿ ತೆರೆಯುವ ಮುಂಚೆಯೇ ಅವರ ಕೈಗೆ ಕಾಗದದ ಪಟ್ಟಿ ಕೊಟ್ಟೆ. ಒಂದು ಕ್ಷಣ ನೋಡಿ, ಕೋಟು ಬಿಚ್ಚಿ ಎಸೆದು ಕೆಲಸಕ್ಕೆ ಇಳಿದರು. ಸಂಜೆಯವರೆಗೆ ಆ ಹಾಸಿಗೆ ಬಿಟ್ಟು ಕದಲಲಿಲ್ಲ. ಹನುಮಕ್ಕನ ಹೃದಯ ತಾಳ ತಪ್ಪಿದಾಗ ಅವರು ಮಾಡಿದ ಕೆಲಸವನ್ನು ನನ್ನಿಂದ ಮಾಡಲಾಗುತ್ತಿರಲಿಲ್ಲ. ಅವಳು ಬದುಕಿದಳು. ಬದುಕಿಸಿದ್ದು ಅವರು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ಅವರು ಹೇಳಿದ್ದೇನು ಗೊತ್ತೇ? "ಇದು ಸ್ಟೀರಾಯ್ಡ್ ಮಾಡಿದ ಕೆಲಸ ಸುಮಿತ್ರಾ. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಎಲ್ಲ ಏರಿಸಿಬಿಟ್ಟಿದೆ. ಕೀಲುವಾತಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಮತ್ತೆ ಲಲಿತಮ್ಮ ಸಾರ್? ಅವರು ಪುಡಿ ತಿಂದಿರಲಿಲ್ಲ."

"ಯಾವ ಲಲಿತಮ್ಮ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಪಟ್ಟ ಸಿಟ್ಟುಗಳಲ್ಲೆಲ್ಲ ಅದು ದೊಡ್ಡದು. ಎದುರಿಗಿದ್ದವರು ಮೇಲಧಿಕಾರಿ ಎಂಬುದನ್ನೂ ಮರೆತು, "ಮರೆತುಹೋದ್ರೆ ಕಾಕತಾಳೀಯ ಅನ್ನೋದು ಸುಲಭ ಸಾರ್" ಎಂದು ಹೇಳಿ ಹೊರಟುಬಿಟ್ಟೆ. ಆಮೇಲೆ ಬಹಳ ದಿನ ಅವರು ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಹನುಮಕ್ಕ ನಿಧಾನವಾಗಿ ಸ್ಟೀರಾಯ್ಡ್‌ನಿಂದ ಹೊರಬಂದಳು. ಕೊಲೆಸ್ಟ್ರಾಲ್ ಇಳಿಸುವ ಇವತ್ತಿನ ಮಾತ್ರೆಗಳು ಆಗ ನಮ್ಮ ಕೈಗೆ ಬಂದಿರಲಿಲ್ಲ. ರಕ್ತದೊತ್ತಡಕ್ಕೆ, ಹೃದಯಕ್ಕೆ ಇದ್ದ ಮಾತ್ರೆಗಳನ್ನೇ ಕೊಟ್ಟೆವು, ಕೀಲಿನ ಉರಿ ತಗ್ಗಿಸಲು ಆ ಕಾಲದಲ್ಲಿ ಬಳಕೆಯಲ್ಲಿದ್ದ, ಬಂಗಾರದ ಲವಣದಿಂದ ಮಾಡಿದ ಇಂಜೆಕ್ಷನ್ ಕೊಟ್ಟೆವು. ಹೊರೆ ಹೊರುವುದನ್ನು ಮುನಿಯಪ್ಪ ವಹಿಸಿಕೊಂಡ. ಕೀಲುನೋವು ಪೂರ್ತಿ ಹೋಗಲಿಲ್ಲ. ನೋವಿನ ಜೊತೆಗೆ ಬದುಕಿದಳು. ಒಂದು ಸಲ ಬಂದವಳು ನನ್ನ ಮೇಜಿನ ಮೇಲೆ ಬಾಗಿ ಮೆಲ್ಲಗೆ ಹೇಳಿದಳು:

"ಆ ಪುಡಿಯೋನು ಎಲ್ಲೂ ಓಗಿಲ್ಲ ಕಣ್ರಮ್ಮ. ಬಾಗಲಗುಂಟೆ ತಾವ ಅಂಗಡಿ ಇಕ್ಕವ್ನೆ. ನಮ್ ನಾದ್ನಿ ಊರು ಅದು. ಯಲಂಕದಾಗೆ ಇದ್ದಿದ್ಕಿಂತ ದೊಡ್ ಬೋರ್ಡು."

ಮತ್ತೆ ದೂರು ಬರೆದು ಏನಾಗಬೇಕು? ಅವನು ಇನ್ನೊಂದು ಕಡೆ ಇನ್ನೂ ದೊಡ್ಡ ಬೋರ್ಡು ಹಾಕುತ್ತಾನೆ. ಈ ಸಲ ನಾನು ಅವನ ಹತ್ತಿರ ಹೋಗಲಿಲ್ಲ, ಅವನ ಸಾಲಿನ ಹತ್ತಿರ ಹೋದೆ. ಬಾಗಲಗುಂಟೆಯಲ್ಲಿ ಆಗಿನ್ನೂ ಮನೆಗಳಿಗಿಂತ ಹೊಲಗಳೇ ಹೆಚ್ಚು. ಹೆಸರಘಟ್ಟ ರಸ್ತೆಯಿಂದ ಒಳಗೆ ನಡೆದರೆ ಅವನ ಅಂಗಡಿ, ಹೊರಗೆ ಹೊಂಗೆಮರದ ಕೆಳಗೆ ಹೆಂಗಸರು. ಹನುಮಕ್ಕನೂ ನನ್ನ ಜೊತೆಗೆ ಬಂದಿದ್ದಳು. ಒಬ್ಬೊಬ್ಬರ ಪಕ್ಕದಲ್ಲೂ ಕೂತು ಕೈ ಹಿಡಿದು ನೋಡಿದೆ. "ಪುಡಿ ತಿಂತಿರೋರು ಇದ್ದಕ್ಕಿದ್ದ ಹಾಗೆ ನಿಲ್ಲಿಸ್ಬೇಡಿ. ಸೋಮವಾರ ಆಸ್ಪತ್ರೆಗೆ ಬನ್ನಿ, ನಾನೇ ಇರ್ತೀನಿ" ಎಂದು ಹೇಳುತ್ತಾ ಹೋದೆ. ಹನುಮಕ್ಕ ತನ್ನ ಕಥೆ ಹೇಳಿದಳು. ಪಂಡಿತ ಹೊರಗೆ ಬಂದ.

"ನನ್ನ ಅಂಗಡಿ ಮುಂದೆ ಗಲಾಟೆ ಮಾಡ್ಬೇಡಿ. ಪೊಲೀಸರನ್ನ ಕರೀತೀನಿ."

"ಕರೀರಿ. ಡಬ್ಬ ತೋರಿಸೋಣ ಅವ್ರಿಗೆ" ಎಂದೆ. ಅವನು ಒಳಗೆ ಹೋದ. ಸಾಲಿನಿಂದ ಬಹಳ ಮಂದಿ ಏಳಲಿಲ್ಲ. ನೋವು ಇವತ್ತಿನದು, ನಾನು ಹೇಳಿದ್ದು ನಾಳೆಯ ಮಾತು. ಅವರನ್ನು ದೂರಲಾರೆ.

ಸೋಮವಾರ ಕೆಲವರು ಬಂದರು. ಅವರಲ್ಲಿ ಚಿಕ್ಕತಾಯಮ್ಮ ಎಂಬುವಳೊಬ್ಬಳು. ಕಟ್ಟಡದ ಕೆಲಸಕ್ಕೆ ಹೋಗಿ, ಛಾವಣಿಗೆ ಮೋಲ್ಡು ಹಾಕುವಾಗ ಬಾಂಡ್ಲಿಯಲ್ಲಿ ಕಾಂಕ್ರೀಟು ಹೊರುವವಳು. ಪರದೆಯ ಹಿಂದೆ ಮಲಗಿಸಿ ಯಂತ್ರ ಹಚ್ಚಿದೆ. ಪಟ್ಟಿ ಹೊರಬಂದಾಗ ನನಗೇ ನಂಬಿಕೆಯಾಗಲಿಲ್ಲ. ಅವಳಿಗೆ ಹಿಂದೊಮ್ಮೆ ಹೃದಯಾಘಾತ ಆಗಿಹೋಗಿತ್ತು. ಸತ್ತ ಮಾಂಸಖಂಡದ ಗುರುತು ಸ್ಪಷ್ಟವಾಗಿತ್ತು. ಹೊಸದಲ್ಲ, ಹಳೆಯ ಗಾಯ. ಅದನ್ನು ಯಾರೂ ಗುರುತಿಸಿರಲಿಲ್ಲ, ಯಾರೂ ಮಲಗಿಸಿ ಆರೈಕೆ ಮಾಡಿರಲಿಲ್ಲ.

ಶೇಷಗಿರಿಯವರನ್ನು ಕರೆಸಿದೆ. ಬರುವುದಿಲ್ಲ ಅಂದುಕೊಂಡಿದ್ದೆ, ಬಂದರು. ಕನ್ನಡಕ ಏರಿಸಿ ಪಟ್ಟಿಯನ್ನು ಎರಡು ಸಲ ನೋಡಿದರು. ಪರದೆಯೊಳಗೆ ಹೋಗಿ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಎಂದಿನಂತೆ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ಅವಳನ್ನು ಹೊರಗೆ ಕೂರಿಸಿಕೊಂಡು ಕೇಳಿದರು.

"ಯಾವಾಗಲಾದ್ರೂ ತೋಳು, ಎದೆ ಜೋರಾಗಿ ನೋಯ್ತಾಮ್ಮ? ಬೆವರು ಬಂದು, ವಾಂತಿ ಬಂದ ಹಾಗೆ?"

"ಊಂ ಸಾಮಿ. ಆಚೆ ವರ್ಸ. ಮೋಲ್ಡು ಆಕೋವಾಗ. ಬಾಂಡ್ಲಿ ಅಲ್ಲೇ ಬುಟ್ಟು ಮಣ್ಣಾಗೆ ಮಲಕ್ಕೊಂಡ್ಬುಟ್ಟೆ."

"ಆಗ ಪುಡಿ ತಿಂತಾ ಇದ್ಯಾ?" ಅವರು ಅದನ್ನು ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು.

"ಇಲ್ಲ. ಪುಡಿ ಈ ಯುಗಾದಿಯಿಂದ ಈಚ್ಗೆ. ಆಗ ನಿಮ್ ಮಾತ್ರೆನೇ ತಿಂತಿದ್ದೆ."

"ಅಷ್ಟು ನೋವಾದ್ರೂ ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರಿಸ್ದೆ. ಕೀಲುನೋವು ತೋಳಿಗೆ ಅತ್ತದೆ, ಎದರ್ಬ್ಯಾಡ ಓಗು ಅಂದ್ರು."

ಶೇಷಗಿರಿಯವರ ದನಿ ಏರಿತು. "ಯಾವ ಪುಣ್ಯಾತ್ಮ ಹಾಗಂದಿದ್ದು?"

ಚಿಕ್ಕತಾಯಮ್ಮ ನನ್ನ ಮುಖ ನೋಡಿದಳು, ಹೇಳಬಹುದೋ ಬಾರದೋ ಎಂಬಂತೆ. ಆಮೇಲೆ ಅವರ ಕಡೆ ತಿರುಗಿದಳು.

"ನೀವೇ ಅಲ್ವಾ ಸಾಮಿ. ನಿಮ್ ಕೋಣೆಲೇ. ದೊಡ್ ಡಾಕ್ಟ್ರೇ ಏಳವ್ರಲ್ಲ ಅಂತ ಧೈರ್ಯ ಬಂತು. ಮಾರ್ನೆ ದಿನವೇ ಬಾಂಡ್ಲಿ ಒರಾಕ್ ಓದೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಶೇಷಗಿರಿಯವರು ಪಟ್ಟಿಯನ್ನು ಮೇಜಿನ ಮೇಲಿಟ್ಟರು. ನಾನು ವರ್ಷಗಟ್ಟಲೆ ಕಾದಿದ್ದ ಗಳಿಗೆ ಅದು. ಅವರಿಗೆ ಹೇಳಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಅವನ್ನೆಲ್ಲ ಬಿಟ್ಟು ಅವರ ಕಡೆಗೆ ಕುರ್ಚಿ ಸರಿಸಿದೆ.

"ನಾನು ತಪ್ಪು ಹೇಳಿದೆ ಕಣಮ್ಮ" ಎಂದರು ಅವರು. "ಅದು ಕೀಲಿನ ನೋವಲ್ಲ. ಹೃದಯಕ್ಕೆ ಪೆಟ್ಟು ಬಿದ್ದಿತ್ತು. ನಾನು ಸರಿಯಾಗಿ ನೋಡ್ಲಿಲ್ಲ."

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡಳು. "ಓಗ್ಲಿ ಬುಡಿ. ಇನ್ ಮ್ಯಾಕೆ ನಾನು ಬಾಂಡ್ಲಿ ಒರ್ಬೋದಾ, ಒರ್ಬಾರ್ದಾ? ಅಷ್ಟು ಏಳಿ."

"ಹೊರಬಾರದಮ್ಮ."

"ಅಂಗಂತ ಅವತ್ತೇ ಏಳ್ಬೇಕಿತ್ತು ಸಾಮಿ" ಎಂದಳು.